ಪೈನ್ ಸಾಕಾ, ಸೀಡರ್ ಬೇಕಾ? ಹಲಗೆ ಕೊಳ್ಳುವ ಮೊದಲು ಒಂದಿಷ್ಟು ಲೆಕ್ಕಾಚಾರ

ಪೈನ್ ಹಲಗೆಯೊಂದನ್ನು ಕೈಗೆ ತಗೊಂಡು ಹೆಬ್ಬೆರಳಿನ ಉಗುರನ್ನು ಗಟ್ಟಿಯಾಗಿ ಒತ್ತಿ ನೋಡಿ. ಅರ್ಧಚಂದ್ರದಂಥ ಸಣ್ಣ ಗುರುತು ಬೀಳುತ್ತದೆ. ಇದನ್ನು ನೋಡಿದ ಕೂಡಲೇ ಕೆಲವರು ಹಲಗೆಯನ್ನು ವಾಪಸ್ ಇಟ್ಟುಬಿಡುತ್ತಾರೆ. ‘ಇದೇನು, ಬೆಂಡು ಇದ್ದ ಹಾಗಿದೆ’ ಅಂತ. ಇನ್ನು ಕೆಲವರು ಬೆಲೆ ಕೇಳಿ ಖುಷಿಪಟ್ಟು ಎಲ್ಲದಕ್ಕೂ ಅದನ್ನೇ ಹೊತ್ತು ತರುತ್ತಾರೆ. ಪುಸ್ತಕದ ಕಪಾಟಿಗೂ ಪೈನ್, ಬಚ್ಚಲಿನ ಬಾಗಿಲಿಗೂ ಪೈನ್, ಮಳೆಯಲ್ಲಿ ನೆನೆಯುವ ಬೆಂಚಿಗೂ ಪೈನ್. ಎರಡು ಮಳೆಗಾಲ ಕಳೆದ ಮೇಲೆ ಬೆಂಚಿನ ಕಾಲು ಕುಂಬಾದಾಗ ಮರವನ್ನು ಬೈಯುತ್ತಾರೆ. ಪಾಪ, ಮರದ್ದೇನು ತಪ್ಪು?

ಪೈನ್, ಸ್ಪ್ರೂಸ್, ಡಗ್ಲಸ್ ಫರ್, ಸೀಡರ್. ಸಾಫ್ಟ್‌ವುಡ್ ಕೇಳಿದರೆ ಹೆಚ್ಚಾಗಿ ಕಿವಿಗೆ ಬೀಳುವ ಹೆಸರುಗಳು ಇವೇ. ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳುವವರಿಗೆ ನನ್ನ ಮರುಪ್ರಶ್ನೆ ಯಾವಾಗಲೂ ಒಂದೇ: ಎಲ್ಲಿಡುತ್ತೀರಿ, ಅದರ ಮೇಲೆ ಏನಿಡುತ್ತೀರಿ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಇನ್ನರ್ಧ ಕೆಲಸ ಮರದ ಜಾತಿಯಲ್ಲಿಲ್ಲ, ನಿಮ್ಮ ಕೈಯಲ್ಲಿರುವ ಆ ಒಂದು ಹಲಗೆಯಲ್ಲಿದೆ. ಅದನ್ನು ಆಮೇಲೆ ನೋಡೋಣ.

ಹೆಸರು ಕೇಳಿ ಮೋಸಹೋಗಬೇಡಿ

ಸಾಫ್ಟ್‌ವುಡ್ ಅಂದರೆ ಮೆದುಮರ. ಆದರೆ ಈ ಹೆಸರಿಗೂ ಮೆತ್ತಗಿರುವುದಕ್ಕೂ ನೇರ ಸಂಬಂಧ ಇಲ್ಲ. ಸೂಜಿಯಂಥ ಅಥವಾ ಹುರುಪೆಯಂಥ ಎಲೆ ಬಿಟ್ಟು, ಬೀಜವನ್ನು ಹೆಚ್ಚಾಗಿ ಶಂಕುವಿನಲ್ಲಿಟ್ಟು ಬೆಳೆಯುವ ಗುಂಪಿನ ಮರಗಳಿಗೆಲ್ಲ ಸಾಫ್ಟ್‌ವುಡ್ ಅನ್ನುತ್ತಾರೆ. ಅಗಲ ಎಲೆ ಬಿಟ್ಟು ಹೂವು ಕಾಯಿ ಆಗುವ ಮರಗಳು ಹಾರ್ಡ್‌ವುಡ್. ಈ ಲೆಕ್ಕದಲ್ಲಿ, ಮಕ್ಕಳ ಆಟದ ವಿಮಾನ ಮಾಡುವ ಬಾಲ್ಸಾ ಹಾರ್ಡ್‌ವುಡ್! ಉಗುರಲ್ಲ, ಬೆರಳಿನಲ್ಲೇ ಒತ್ತಿದರೂ ಅದು ತಗ್ಗುತ್ತದೆ. ಇತ್ತ ಯೂ ಎಂಬ ಸಾಫ್ಟ್‌ವುಡ್ ಓಕ್‌ಗಿಂತ ಗಟ್ಟಿ.

ಗಟ್ಟಿತನ ಅಳೆಯಲು ಜಾಂಕಾ ಎಂಬ ಪರೀಕ್ಷೆ ಇದೆ. 11.28 ಮಿಲಿಮೀಟರ್ ಅಗಲದ ಉಕ್ಕಿನ ಗುಂಡನ್ನು ಅದರ ಅರ್ಧದವರೆಗೆ ಮರದೊಳಗೆ ಒತ್ತುತ್ತಾರೆ. ಅದಕ್ಕೆ ಎಷ್ಟು ಬಲ ಬೇಕಾಯಿತೋ ಅದೇ ಆ ಮರದ ಸಂಖ್ಯೆ. ಪೌಂಡ್ ಲೆಕ್ಕದಲ್ಲಿ ಹೇಳುವುದಾದರೆ ವೆಸ್ಟರ್ನ್ ರೆಡ್ ಸೀಡರ್‌ಗೆ ಸುಮಾರು 350, ಬಿಳಿ ಪೈನ್‌ಗೆ 380, ಡಗ್ಲಸ್ ಫರ್‌ಗೆ 660, ರೇಡಿಯಾಟಾ ಪೈನ್‌ಗೆ 700ರ ಆಸುಪಾಸು. ಹಳದಿ ಪೈನ್ ಗುಂಪಿನ ಲಾಂಗ್‌ಲೀಫ್‌ಗೆ 870. ಹೋಲಿಕೆಗೆ ಇರಲಿ, ಕೆಂಪು ಓಕ್‌ಗೆ 1290.

ಇಲ್ಲಿ ಒಂದು ವಿಷಯ ಗಮನಿಸಿ. ಪೈನ್ ಪೈನ್‌ಗಳ ನಡುವೆಯೇ ಎರಡು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ ಇದೆ. ಹಾಗಾಗಿ ‘ಪೈನ್ ಮೆತ್ತಗೆ’ ಎಂಬ ಮಾತಿಗೆ ‘ಯಾವ ಪೈನ್’ ಎಂದು ಕೇಳದಿದ್ದರೆ ಅರ್ಥವೇ ಇಲ್ಲ.

ಯಾವುದನ್ನು ತೂಗಿ ನೋಡಬೇಕು

ನಾನು ಮೊದಲು ನೋಡುವುದು ನೀರು. ಮರ ಕೊಳೆಯುವುದು ನೀರಿನಿಂದ ಎನ್ನುತ್ತೇವೆ, ನಿಜಕ್ಕೂ ಅದನ್ನು ತಿನ್ನುವುದು ತೇವದಲ್ಲಿ ಬೆಳೆಯುವ ಶಿಲೀಂಧ್ರ. ಮರದೊಳಗಿನ ತೇವ ಶೇಕಡಾ 20ಕ್ಕಿಂತ ಕೆಳಗೇ ಉಳಿದರೆ ಅದು ಬೆಳೆಯುವುದಿಲ್ಲ. ಅಂದರೆ ಮನೆಯೊಳಗೆ, ಒಣಗಿದ ಜಾಗದಲ್ಲಿ, ಯಾವ ಮೆದುಮರವಾದರೂ ತಲೆಮಾರುಗಟ್ಟಲೆ ಬಾಳುತ್ತದೆ. ಹೊರಗಿಟ್ಟ ಕೂಡಲೇ ಕಥೆ ಬೇರೆ. ಗೆದ್ದಲಿನ ಮಾತು ಮತ್ತೂ ಬೇರೆ. ಸಾದಾ ಪೈನ್, ಸ್ಪ್ರೂಸ್ ಎರಡೂ ಗೆದ್ದಲಿಗೆ ಹಬ್ಬದೂಟ. ಸೀಡರ್‌ನ ಚೇಗು, ಅಂದರೆ ಒಳಗಿನ ಗಾಢ ಬಣ್ಣದ ಮರ, ಸ್ವಲ್ಪ ತಡೆದುಕೊಳ್ಳುತ್ತದೆ, ಆದರೆ ಅದನ್ನೇ ನಂಬಿ ಕೂರುವಂತಿಲ್ಲ.

ಎರಡನೆಯದು ಭಾರ. ಮುರಿಯುವುದಕ್ಕಿಂತ ಬಾಗುವುದೇ ಮನೆಗೆಲಸದಲ್ಲಿ ಜಾಸ್ತಿ ಕಾಡುತ್ತದೆ. ಪುಸ್ತಕದ ಕಪಾಟು ಮುರಿದು ಬಿದ್ದದ್ದನ್ನು ನಾನು ನೋಡಿಲ್ಲ, ನಗುವ ಬಾಯಿಯ ಹಾಗೆ ಬಾಗಿದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಮೂರನೆಯದು ಪೆಟ್ಟು ಮತ್ತು ಗೀರು. ಊಟದ ಮೇಜು, ಕುರ್ಚಿಯ ಅಂಚು, ನೆಲಹಾಸು, ಇವುಗಳಿಗೆ ದಿನಾ ಏನಾದರೊಂದು ತಗಲುತ್ತಿರುತ್ತದೆ. ಗೋಡೆಯ ಹಲಗೆಗೆ, ಫೋಟೋ ಚೌಕಟ್ಟಿಗೆ ಆ ಚಿಂತೆ ಇಲ್ಲ.

ಆಮೇಲೆ ಅಲುಗಾಟ. ತೇವ ಏರಿದಾಗ ಮರ ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ. ಉದ್ದಕ್ಕೆ ಹೆಚ್ಚು ಕಡಿಮೆ ಏನೂ ಆಗುವುದಿಲ್ಲ, ಆಗುವುದೆಲ್ಲ ಅಗಲಕ್ಕೆ. ಬಾಗಿಲು, ಡ್ರಾಯರ್, ಕಿಟಕಿ ಮಾಡುವವರು ಇದನ್ನು ಮರೆತರೆ ವರ್ಷಕ್ಕೊಮ್ಮೆ ಅಂಚು ಕೆತ್ತುತ್ತಾ ಕೂರಬೇಕು.

ಕೊನೆಗೆ ಪೇಂಟೋ ಪಾಲಿಶೋ ಎಂಬ ಪ್ರಶ್ನೆ, ಮತ್ತು ಕಾಸು. ಕಾಸಿನ ವಿಷಯದಲ್ಲಿ ಹಲಗೆಯ ಬೆಲೆ ಒಂದನ್ನೇ ನೋಡುವುದು ತಪ್ಪು. ಗಂಟು ತೆಗೆದು ಬಿಸಾಡಿದ ತುಂಡು, ಸೀಲರ್, ಒಳ್ಳೆ ಸ್ಕ್ರೂ, ಎರಡು ವರ್ಷಕ್ಕೊಮ್ಮೆ ಬಳಿಯುವ ಎಣ್ಣೆ, ಎಲ್ಲವೂ ಸೇರಿಯೇ ಆ ಮರದ ಬೆಲೆ.

ಪೈನ್: ಒಳಗಿನ ಕೆಲಸಕ್ಕೆ ಮೊದಲ ಆಯ್ಕೆ

ಹೆಚ್ಚಿನವರಿಗೆ, ಹೆಚ್ಚಿನ ಕೆಲಸಕ್ಕೆ, ಪೈನ್ ಸಾಕು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸಾದಾ ಗರಗಸಕ್ಕೂ ಬಗ್ಗುತ್ತದೆ, ಉಳಿ ಏಟಿಗೆ ಸರಾಗ, ಅಂಟು ಚೆನ್ನಾಗಿ ಹಿಡಿಯುತ್ತದೆ, ಸ್ಕ್ರೂ ಸಲೀಸಾಗಿ ಇಳಿಯುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆ ಮೇಷ್ಟ್ರು ಇಲ್ಲ. ತಪ್ಪು ಮಾಡಿದರೆ ಜೇಬಿಗೆ ಬೀಳುವ ಹೊಡೆತವೂ ಕಡಿಮೆ.

ಬಿಳಿ ಪೈನ್ ಹಗುರ, ಒಂದು ಘನ ಮೀಟರ್‌ಗೆ ಸುಮಾರು 400 ಕಿಲೋ. ಎಳೆ ನೇರ, ಹೆಚ್ಚು ಡೊಂಕಾಗುವುದಿಲ್ಲ, ಕೆತ್ತನೆಗೆ ಬೆಣ್ಣೆ. ಲಾಂಗ್‌ಲೀಫ್‌ನಂಥ ಹಳದಿ ಪೈನ್ ಭಾರ, 650 ಕಿಲೋವರೆಗೂ ತೂಗುತ್ತದೆ. ಗಟ್ಟಿ, ತೊಲೆಗೂ ನೆಲಹಾಸಿಗೂ ಆಗುತ್ತದೆ, ಆದರೆ ರಾಳ ಜಾಸ್ತಿ. ಇವೆರಡರ ನಡುವೆ ರೇಡಿಯಾಟಾ. ಇದರ ಹುಟ್ಟೂರು ಕ್ಯಾಲಿಫೋರ್ನಿಯಾ ಕರಾವಳಿಯ ಮೂರು ಸಣ್ಣ ಜಾಗ ಮತ್ತು ಮೆಕ್ಸಿಕೋದ ಎರಡು ದ್ವೀಪ. ಅಲ್ಲಿ ಇದನ್ನು ಕೇಳುವವರೇ ಕಡಿಮೆ. ನ್ಯೂಜಿಲೆಂಡ್, ಚಿಲಿ, ಆಸ್ಟ್ರೇಲಿಯಾಗೆ ಹೋಗಿ ತೋಟದ ಬೆಳೆಯಾಯಿತು. ನ್ಯೂಜಿಲೆಂಡ್‌ನಲ್ಲಿ 25–30 ವರ್ಷಕ್ಕೆ ಕಡಿಯಲು ಬರುತ್ತದೆ. ಮರಕ್ಕೆ ಇದು ಭಾರಿ ವೇಗ. ವೇಗಕ್ಕೆ ಕೊಡುವ ಬೆಲೆಯೂ ಇದೆ: ಬೆಳವಣಿಗೆಯ ಉಂಗುರಗಳು ಅಗಲ. ಕಾಂಡದ ನಟ್ಟನಡುವಿನ ತಿರುಳಿನ ಹತ್ತಿರದಿಂದ ಕೊಯ್ದ ಹಲಗೆ ತಿರುಚಿಕೊಳ್ಳುವ ಸಾಧ್ಯತೆ ಜಾಸ್ತಿ.

ಪೈನ್‌ನ ತೊಂದರೆಗಳನ್ನೂ ಹೇಳಬೇಕಲ್ಲ. ಮೊದಲನೆಯದು ಗಂಟು. ಗಂಟಿನಲ್ಲಿ ಎರಡು ಥರ. ಸುತ್ತಲಿನ ಮರದ ಜೊತೆ ಬೆಸೆದುಕೊಂಡ ಗಂಟು ಬದುಕಿದ್ದ ಕೊಂಬೆಯದು. ಅದು ಬೀಳುವುದಿಲ್ಲ. ಸುತ್ತ ಕಪ್ಪು ಗೆರೆ ಇರುವ ಗಂಟು ಸತ್ತ ಕೊಂಬೆಯದು. ಹಲಗೆ ಒಣಗಿದ ಮೇಲೆ ಒಂದು ದಿನ ಅದು ಟಕ್ ಎಂದು ಬಿದ್ದು ತೂತು ಮಾಡುತ್ತದೆ. ಹೆಬ್ಬೆರಳಿನಿಂದ ತಳ್ಳಿ ನೋಡಿದರೆ ಅಂಗಡಿಯಲ್ಲೇ ಗೊತ್ತಾಗುತ್ತದೆ.

ಎರಡನೆಯದು ರಾಳ. ಬಿಳಿ ಪೇಂಟ್ ಬಳಿದ ಪೈನ್ ಬಾಗಿಲಿನಲ್ಲಿ ಕೆಲವು ತಿಂಗಳ ನಂತರ ಹಳದಿ ಕಂದು ಚುಕ್ಕೆಗಳು ಮೂಡುತ್ತವೆ, ಅಲ್ವಾ? ಅದು ಗಂಟಿನಿಂದ ಮೇಲೆ ಬಂದದ್ದು. ಮೇಲೆ ಇನ್ನೆರಡು ಕೋಟ್ ಪೇಂಟ್ ಹೊಡೆದರೂ ಮತ್ತೆ ಬರುತ್ತದೆ. ಪೇಂಟ್‌ಗೆ ಮೊದಲು ಗಂಟುಗಳ ಮೇಲೆ ಶೆಲಾಕ್, ಅಂದರೆ ಅರಗಿನ ವಾರ್ನಿಷ್, ಎರಡು ಕೈ ಬಳಿಯುವುದೇ ಮದ್ದು. ಕೊಳ್ಳುವಾಗ ಕಾಯಿಸಿದ ಗೂಡಿನಲ್ಲಿ (ಕಿಲ್ನ್) ಒಣಗಿಸಿದ ಹಲಗೆ ಕೇಳಿ. ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯಲ್ಲಿ ರಾಳ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಒಸರುವುದು ಕಡಿಮೆ.

ಮೂರನೆಯದು ಬಣ್ಣ ಹಿಡಿಯುವ ರೀತಿ. ಪೈನ್‌ಗೆ ಗಾಢ ಬಣ್ಣದ ಸ್ಟೇನ್ ಹಚ್ಚಿ ತೇಗದ ಹಾಗೆ ಕಾಣಿಸಲು ಹೊರಟವರ ಮುಖ ನೋಡಬೇಕು. ಒಂದು ಕಡೆ ಕಪ್ಪು, ಪಕ್ಕದಲ್ಲೇ ತೆಳು, ನಡುವೆ ಮಚ್ಚೆ. ಮರದ ಮೆತ್ತಗಿನ ಭಾಗ ಬಣ್ಣವನ್ನು ಗಟಗಟ ಕುಡಿಯುತ್ತದೆ, ಗಟ್ಟಿ ಭಾಗ ಮುಟ್ಟುವುದಿಲ್ಲ. ತಿಳಿಯಾಗಿಸಿದ ಶೆಲಾಕ್ ಒಂದು ತೆಳು ಕೋಟ್ ಬಳಿದು, ಒಣಗಿದ ಮೇಲೆ ನಯವಾಗಿ ಉಜ್ಜಿ, ಆಮೇಲೆ ಲೇಹ್ಯದಂಥ ಜೆಲ್ ಸ್ಟೇನ್ ಹಚ್ಚಿದರೆ ಸುಮಾರಾಗಿ ಸರಿಹೋಗುತ್ತದೆ. ನನ್ನ ಸಲಹೆ ಬೇರೆ: ಪೈನ್ ಅನ್ನು ಪೈನ್ ಆಗಿಯೇ ಬಿಡಿ, ಇಲ್ಲವೇ ಪೇಂಟ್ ಹೊಡೆಯಿರಿ. ಬೆಳಕು ಬಿದ್ದು ಬಿದ್ದು ಅದು ತಾನಾಗಿಯೇ ಜೇನಿನ ಬಣ್ಣಕ್ಕೆ ತಿರುಗುತ್ತದೆ, ಅದೇ ಚಂದ.

ಹಲಗೆಯಲ್ಲಿ ನೀಲಿ ಬೂದು ಗೆರೆ ಕಂಡರೆ ಗಾಬರಿ ಬೇಡ. ಅದೊಂದು ಶಿಲೀಂಧ್ರದ ಕಲೆ. ಗಟ್ಟಿತನಕ್ಕೆ ಹೇಳಿಕೊಳ್ಳುವಂಥ ಧಕ್ಕೆ ಇಲ್ಲ. ಪೇಂಟ್ ಹೊಡೆಯುವ ಕೆಲಸಕ್ಕೆ ಅಂಥ ಹಲಗೆ ಕಡಿಮೆಗೆ ಸಿಕ್ಕರೆ ಸುಮ್ನೆ ತಗೊಳ್ಳಿ.

ಸ್ಪ್ರೂಸ್

ಬಿಳಿ, ಹಗುರ, ರಾಳ ಕಡಿಮೆ. ತೂಕಕ್ಕೆ ಹೋಲಿಸಿದರೆ ಬಿಗಿ, ಅಂದರೆ ಬಾಗದಿರುವ ಗುಣ, ಜಾಸ್ತಿ. ಇದೇ ಕಾರಣಕ್ಕೆ ರೈಟ್ ಸಹೋದರರ 1903ರ ವಿಮಾನದ ಚೌಕಟ್ಟಿಗೆ ಸ್ಪ್ರೂಸ್ ಬಳಕೆಯಾಯಿತು. ಗಿಟಾರ್, ಪಿಟೀಲಿನ ಮೇಲ್ಹಲಗೆ, ಪಿಯಾನೋದ ನಾದಹಲಗೆ ಹೆಚ್ಚಾಗಿ ಇದರದ್ದೇ. ತಮಾಷೆ ಅಂದರೆ, ‘ಸ್ಪ್ರೂಸ್ ಗೂಸ್’ ಎಂಬ ಅಡ್ಡಹೆಸರಿನ ದೈತ್ಯ ವಿಮಾನ 1947ರಲ್ಲಿ ಒಂದೇ ಒಂದು ಸಲ ಹಾರಿತು. ಅದರಲ್ಲಿ ಇದ್ದದ್ದು ಹೆಚ್ಚಾಗಿ ಬರ್ಚ್ ಮರ!

ಆದರೆ ವಾದ್ಯಕ್ಕೆ ಆರಿಸುವ ಸ್ಪ್ರೂಸ್ ಬೇರೆ, ನಿಮಗೆ ಸಿಗುವ ಕಟ್ಟಡದ ಸ್ಪ್ರೂಸ್ ಬೇರೆ. ಎರಡನೆಯದರಲ್ಲಿ ಸಣ್ಣ ಸಣ್ಣ ಗಂಟು ಬೇಕಾದಷ್ಟು. ಆ ಗಂಟುಗಳು ಕಲ್ಲಿನಂತೆ, ಸುತ್ತಲಿನ ಮರ ಹತ್ತಿಯಂತೆ. ರಂದಾ ಹೊಡೆಯುವಾಗ ಅಲಗಿಗೆ ಕಚ್ಚು ಬೀಳುವುದು ಖಾತ್ರಿ. ಉತ್ತರ ಅಮೆರಿಕದ ಮರಕ್ಕೆ ಎಸ್‌ಪಿಎಫ್ ಎಂಬ ಮುದ್ರೆ ಇದ್ದರೆ ಅದು ಸ್ಪ್ರೂಸ್, ಪೈನ್, ಫರ್ ಮೂರನ್ನೂ ಕಲೆಸಿ ಕೊಡುವ ಸರಕು. ಚೌಕಟ್ಟು, ಒಳಗೋಡೆ, ಅಟ್ಟದ ಆಧಾರ, ಹೀಗೆ ಕಣ್ಣಿಗೆ ಕಾಣದ ಕೆಲಸಕ್ಕೆ ಚೆನ್ನ. ಹೊರಗಿಡಬೇಡಿ. ಇದರೊಳಗೆ ಸಂರಕ್ಷಕ ದ್ರಾವಣ ಇಳಿಯುವುದೇ ಇಲ್ಲ ಅನ್ನುವಷ್ಟು ಕಡಿಮೆ. ಒಣಗುವಾಗ ಮರದ ಕೋಶಗಳ ನಡುವಿನ ಕಿಂಡಿಗಳು ಮುಚ್ಚಿಕೊಂಡುಬಿಡುತ್ತವೆ.

ಡಗ್ಲಸ್ ಫರ್: ಭಾರ ಹೊರುವವನು

ಇದರ ಹೆಸರಲ್ಲಿ ಫರ್ ಇದೆ, ನಿಜವಾದ ಫರ್ ಅಲ್ಲ. ಡೇವಿಡ್ ಡಗ್ಲಸ್ ಎಂಬ ಸ್ಕಾಟ್ಲೆಂಡಿನ ಸಸ್ಯಶಾಸ್ತ್ರಜ್ಞನ ಹೆಸರು ಇದಕ್ಕೆ ಅಂಟಿಕೊಂಡಿದೆ. ಕೆಂಪು ಛಾಯೆಯ ಕಂದು ಮರ, ಘನ ಮೀಟರ್‌ಗೆ 510 ಕಿಲೋ ಹತ್ತಿರ. ಉದ್ದುದ್ದ ತೊಲೆ, ಜಂತಿ, ಮೆಟ್ಟಿಲಿನ ಪಕ್ಕದ ಹಲಗೆ, ದೊಡ್ಡ ಹಾಸಿಗೆ ಮಂಚದ ಚೌಕಟ್ಟು ಬೇಕೆಂದರೆ ಈ ನಾಲ್ಕರಲ್ಲಿ ನಾನು ಇದನ್ನೇ ಮುಂದಿಡುತ್ತೇನೆ. ಬಾಗುವುದಕ್ಕೆ ಒಪ್ಪದ ಗುಣ ಇದರಲ್ಲಿ ಬಿಳಿ ಪೈನ್‌ಗಿಂತ ಸುಮಾರು ಒಂದೂವರೆ ಪಟ್ಟು.

ಕೆಲಸ ಮಾಡುವವರಿಗೆ ಇದು ಸ್ವಲ್ಪ ಮುಂಗೋಪಿ. ಬೆಳವಣಿಗೆಯ ಉಂಗುರದಲ್ಲಿ ತಿಳಿ ಗೆರೆ ಮೆತ್ತಗೆ, ಗಾಢ ಗೆರೆ ಗಟ್ಟಿ. ಸ್ಯಾಂಡ್‌ಪೇಪರ್ ಜಾಸ್ತಿ ಉಜ್ಜಿದರೆ ಮೆತ್ತಗಿನದು ಸವೆದು, ಗಟ್ಟಿಯದು ಉಳಿದು, ಮೇಲ್ಮೈ ಅಲೆ ಅಲೆಯಾಗುತ್ತದೆ. ಕೈಯಾಡಿಸಿದರೆ ತಿಳಿಯುತ್ತದೆ. ಬರಿಗೈಯಲ್ಲಿ ಉಜ್ಜುವ ಬದಲು ಕಾಗದವನ್ನು ಮರದ ತುಂಡಿಗೆ ಸುತ್ತಿ ಉಜ್ಜಿದರೆ ಇದು ತುಂಬಾ ಕಡಿಮೆಯಾಗುತ್ತದೆ. ಸಿಬಿರು ಬೇಗ ಏಳುತ್ತದೆ, ಚುಚ್ಚಿದರೆ ಉರಿ. ತುದಿಯಲ್ಲಿ ತೂತು ಕೊರೆಯದೆ ಮೊಳೆ ಹೊಡೆದರೆ ಸೀಳುತ್ತದೆ. ಅಗಲಕ್ಕೆ ಕುಗ್ಗುವುದೂ ಜಾಸ್ತಿ, ಹಸಿಯಿಂದ ಪೂರ್ತಿ ಒಣಗುವಾಗ ಶೇಕಡಾ 7.5 ಹತ್ತಿರ. ಹೀಗಾಗಿ ಡ್ರಾಯರ್, ಸಣ್ಣ ಪೆಟ್ಟಿಗೆಗಳಿಗೆ ನಾನು ಇದನ್ನು ಮುಟ್ಟುವುದಿಲ್ಲ.

ಇಲ್ಲೇ ಕಪಾಟಿನ ಲೆಕ್ಕ ಹೇಳಿಬಿಡಬೇಕು. ಕಪಾಟು ಬಾಗುತ್ತದೆ ಎಂದು ಹೆದರಿ ಹಲವರು ದುಬಾರಿ ಮರಕ್ಕೆ ಹೋಗುತ್ತಾರೆ. ಬಿಳಿ ಪೈನ್ ಬಿಟ್ಟು ಡಗ್ಲಸ್ ಫರ್ ತಂದರೆ ಸಿಗುವುದು ಒಂದೂವರೆ ಪಟ್ಟು ಬಿಗಿ. ಅದರ ಬದಲು ಅದೇ ಪೈನ್ ಹಲಗೆಯ ದಪ್ಪವನ್ನು 18 ಮಿಲಿಮೀಟರ್‌ನಿಂದ 25ಕ್ಕೆ ಏರಿಸಿ. ಬಿಗಿ ಎರಡೂವರೆ ಪಟ್ಟು ದಾಟುತ್ತದೆ. ದಪ್ಪ ಎರಡು ಪಟ್ಟಾದರೆ ಬಿಗಿ ಎಂಟು ಪಟ್ಟು. ಇನ್ನೂ ಅಗ್ಗದ ದಾರಿ ಇದೆ: ನಡುವೆ ಒಂದು ಆಸರೆ ಕೊಡಿ. ಅಂತರ ಅರ್ಧವಾದರೆ, ಒಂದೇ ಸಮ ಜೋಡಿಸಿದ ಪುಸ್ತಕದ ಭಾರಕ್ಕೆ ಹಲಗೆ ಬಾಗುವುದು ಹದಿನಾರನೇ ಒಂದು ಭಾಗಕ್ಕಿಂತಲೂ ಕಡಿಮೆ. ಮರದ ಜಾತಿ ಬದಲಿಸಿ ಇಷ್ಟು ಲಾಭ ಮಾಡಿಕೊಳ್ಳಲು ಸಾಧ್ಯವೇ ಇಲ್ಲ.

ಸೀಡರ್: ಮಳೆಗೆ ಸೈ, ಭಾರಕ್ಕೆ ಅಲ್ಲ

ಅಂಗಡಿಯಲ್ಲಿ ವೆಸ್ಟರ್ನ್ ರೆಡ್ ಸೀಡರ್ ಅನ್ನುವುದು ನಿಜವಾದ ಸೀಡರ್ ಅಲ್ಲ, ಥೂಜಾ ಜಾತಿಯದು. ಹಿಮಾಲಯದ ದೇವದಾರು ನಿಜವಾದ ಸೀಡರ್. ಈ ಮರದ ಲೋಕದಲ್ಲಿ ಹೆಸರುಗಳೆಲ್ಲ ಇಷ್ಟೇ, ನಂಬಿ ಕೂತರೆ ಕೆಟ್ಟಿರಿ.

ಕೊಯ್ದ ಕೂಡಲೇ ಬರುವ ಪರಿಮಳಕ್ಕೇ ಹಲವರು ಸೋಲುತ್ತಾರೆ. ನಾನೂ ಸೋತವನೇ. ಚೇಗಿನಲ್ಲಿ ತಾನಾಗಿಯೇ ಇರುವ ಕೆಲವು ರಾಸಾಯನಿಕಗಳು ಶಿಲೀಂಧ್ರವನ್ನು ತಡೆಯುತ್ತವೆ. ಹೊರಗಿನ ತಿಳಿ ಮರಕ್ಕೆ ಆ ಶಕ್ತಿ ಇಲ್ಲ, ಕೊಳ್ಳುವಾಗ ಅದನ್ನು ನೋಡಿ. ಘನ ಮೀಟರ್‌ಗೆ 370 ಕಿಲೋ, ಎತ್ತಿದರೆ ಖಾಲಿ ಡಬ್ಬದ ಹಾಗೆ. ಎಲ್ಲಕ್ಕಿಂತ ದೊಡ್ಡ ಗುಣ ಅಲುಗಾಟ ಕಡಿಮೆ ಇರುವುದು. ಡಗ್ಲಸ್ ಫರ್ ಶೇಕಡಾ 7.5 ಕುಗ್ಗುವ ಕಡೆ ಇದು 5. ಬೇಲಿ, ಹೊರಗೋಡೆಯ ಹೊದಿಕೆ, ಗಿಡದ ಪೆಟ್ಟಿಗೆ, ಹೊರಗಿನ ಬಾಗಿಲು, ಇವೆಲ್ಲಕ್ಕೆ ಇದರ ಜೋಡಿ ಇಲ್ಲ. ಬಳಿಯದೆ ಬಿಟ್ಟರೆ ಕೆಲವೇ ತಿಂಗಳಲ್ಲಿ ಬೆಳ್ಳಿ ಬೂದು ಬಣ್ಣಕ್ಕೆ ತಿರುಗುತ್ತದೆ. ಕೆಲವರಿಗೆ ಅದು ಇಷ್ಟ, ಕೆಲವರು ‘ಬಣ್ಣ ಹೋಯ್ತು’ ಎಂದು ಕೊರಗುತ್ತಾರೆ.

ಮೊದಲ ಸಲ ಸೀಡರ್‌ನಲ್ಲಿ ಗಿಡದ ಪೆಟ್ಟಿಗೆ ಮಾಡಿದಾಗ ಕೈಯಲ್ಲಿದ್ದ ಸಾದಾ ಕಬ್ಬಿಣದ ಸ್ಕ್ರೂಗಳನ್ನೇ ಹಾಕಿದ್ದೆ. ಒಂದು ಮಳೆ ಬಂತು. ಮಾರನೇ ದಿನ ನೋಡಿದರೆ ಪ್ರತಿ ಸ್ಕ್ರೂವಿನಿಂದ ಕೆಳಕ್ಕೆ ಕಾಡಿಗೆ ಅತ್ತಂತೆ ಕಪ್ಪು ಗೆರೆ. ಮರದ ಒಗರಿಗೂ ಕಬ್ಬಿಣಕ್ಕೂ ಆಗಿಬರುವುದಿಲ್ಲ. ಉಜ್ಜಿದೆ, ಪೂರ್ತಿ ಹೋಗಲಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿ, ಅಥವಾ ಬಿಸಿ ಸತುವಿನಲ್ಲಿ ಅದ್ದಿ ತೆಗೆದದ್ದು. ಆ ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಮರ ಮೆತ್ತಗಿರುವುದರಿಂದ ಸ್ಕ್ರೂ ಹಿಡಿತ ಕಡಿಮೆ. ಉದ್ದದ ಸ್ಕ್ರೂ ಬೇಕು. ಕೂರುವ ಬೆಂಚಿನ ಮೇಲ್ಹಲಗೆಗೆ ಪರವಾಗಿಲ್ಲ, ಕಾಲಿಗೆ ಮತ್ತು ಅಡ್ಡ ತೊಲೆಗೆ ಬೇಡ. ಇನ್ನೊಂದು ಮಾತು, ಇದನ್ನು ಹಗುರವಾಗಿ ತಗೋಬೇಡಿ: ಇದರ ಧೂಳು ಕೆಲವರಿಗೆ ಆಸ್ತಮಾ ತರಿಸುತ್ತದೆ. ಪ್ಲಿಕಾಟಿಕ್ ಆಮ್ಲ ಅದಕ್ಕೆ ಕಾರಣ. ಮಾಸ್ಕ್ ಇಲ್ಲದೆ ಉಜ್ಜಬೇಡಿ, ಮುಚ್ಚಿದ ಕೋಣೆಯಲ್ಲಂತೂ ಬೇಡವೇ ಬೇಡ.

ಹೊರಗಿನ ಕೆಲಸ: ಸೀಡರ್ ಅಥವಾ ಮದ್ದು ಕುಡಿಸಿದ ಪೈನ್?

ಜನ ನಿಜವಾಗಿ ತಿಣುಕಾಡುವುದು ಇಲ್ಲಿ. ಸ್ಪ್ರೂಸ್‌ಗೆ ಇಲ್ಲದ ಒಂದು ಗುಣ ಪೈನ್‌ನ ಬಿಳಿ ಹೊರಮರಕ್ಕಿದೆ. ಒತ್ತಡದಲ್ಲಿ ದ್ರಾವಣ ತುಂಬಿದರೆ ಒಳಗಿನವರೆಗೂ ಕುಡಿಯುತ್ತದೆ. ಹಾಗೆ ಮದ್ದು ಕುಡಿಸಿದ ಪೈನ್ ಸೀಡರ್‌ಗಿಂತ ಅಗ್ಗ, ಗಟ್ಟಿ. ಮಣ್ಣಿಗೆ ತಾಗಿದಾಗ ಬಾಳುವುದರಲ್ಲೂ ಸೀಡರ್ ಅನ್ನು ಹಿಂದೆ ಹಾಕುತ್ತದೆ. ಗೆದ್ದಲಿನ ಕಾಟವೂ ದೂರ.

ಹಿಂದೆ ಇದಕ್ಕೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಸಿಸಿಎ ಎಂಬ ದ್ರಾವಣ ಬಳಸುತ್ತಿದ್ದರು. ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಹೆಚ್ಚಿನ ಮರಕ್ಕೆ ಅದನ್ನು ಹಾಕುವುದು ನಿಂತಿತು. ಆರ್ಸೆನಿಕ್ ಇಲ್ಲದ, ತಾಮ್ರ ಜಾಸ್ತಿ ಇರುವ ದ್ರಾವಣಗಳು ಅದರ ಜಾಗಕ್ಕೆ ಬಂದವು. ಹಳೆಯ ಕಟ್ಟಡದಿಂದ ಕಿತ್ತ ಹಸಿರು ಛಾಯೆಯ ಮರ ಸಿಕ್ಕಿದರೆ ತರಕಾರಿ ಮಡಿಗೂ ಮಕ್ಕಳ ಆಟಿಕೆಗೂ ಹಾಕಬೇಡಿ. ಹೊಸದಾಗಲಿ ಹಳೆಯದಾಗಲಿ, ಮದ್ದು ಕುಡಿಸಿದ ಮರದ ಚೂರನ್ನು ಒಲೆಗೆ ಹಾಕಲೇಬಾರದು.

ಇದರ ಕೀಟಲೆಗಳು ಮೂರು. ಅಂಗಡಿಗೆ ಬರುವಾಗಲೇ ಹಸಿ ಹಸಿ ಇರುತ್ತದೆ. ಒಣಗುವಾಗ ಕುಗ್ಗಿ ತಿರುಚಿಕೊಳ್ಳುತ್ತದೆ. ತಾಮ್ರ ಸಾದಾ ಸ್ಕ್ರೂವನ್ನು ತಿಂದುಬಿಡುತ್ತದೆ, ಹೀಗಾಗಿ ಇಲ್ಲೂ ಒಳ್ಳೆಯ ಸ್ಕ್ರೂ ಬೇಕು. ಕೊಯ್ದ ತುದಿಯಲ್ಲಿ ಮದ್ದು ಮುಟ್ಟದ ಮರ ಬಯಲಾಗಿರುತ್ತದೆ, ಅಲ್ಲಿಗೆ ಸಂರಕ್ಷಕವನ್ನು ಕೈಯಿಂದಲೇ ಬಳಿಯಬೇಕು. ಈ ಕೊನೆಯದನ್ನು ಹೆಚ್ಚಿನವರು ಮಾಡುವುದಿಲ್ಲ. ಕಂಬ ಕುಂಬಾಗಲು ಶುರುವಾಗುವುದೂ ಅಲ್ಲಿಂದಲೇ. ಕೊಳ್ಳುವಾಗ ದರ್ಜೆ ಕೇಳಿ. ನೆಲದಿಂದ ಮೇಲಿರುವ ಕೆಲಸಕ್ಕೆ ಒಂದು ದರ್ಜೆ, ಮಣ್ಣಿಗೆ ತಾಗುವುದಕ್ಕೆ ಇನ್ನೊಂದು.

ನಾನಾಗಿದ್ದರೆ ಎರಡನ್ನೂ ಸೇರಿಸುತ್ತೇನೆ. ಕಂಬ, ಕಾಲು, ಅಡ್ಡ ತೊಲೆ ಮದ್ದು ಕುಡಿಸಿದ ಪೈನ್. ಕೈ ಮುಟ್ಟುವ, ಕಣ್ಣಿಗೆ ಕಾಣುವ ಮೇಲ್ಹಲಗೆ ಸೀಡರ್. ಖರ್ಚು ಪೂರ್ತಿ ಸೀಡರ್‌ನಷ್ಟು ಆಗುವುದಿಲ್ಲ, ನೋಡಲು ಕಡಿಮೆಯೂ ಇಲ್ಲ. ತುಂಬಾ ಬಿಗಿ ಬಜೆಟ್ ಇದ್ದರೆ ಮೇಲ್ಹಲಗೆಯೂ ಪೈನ್ ಆಗಲಿ, ಆದರೆ ನೀರು ನಿಲ್ಲದ ಹಾಗೆ ಹಲಗೆಗಳ ನಡುವೆ ಸಂದು ಬಿಡಿ.

ಲಾರ್ಚ್ ಮತ್ತು ಹೆಮ್ಲಾಕ್ ಹೆಸರೂ ಕೇಳಿರಬಹುದು. ಲಾರ್ಚ್ ಗಟ್ಟಿ. ಅದರ ಚೇಗು ಮಣ್ಣಿಗೆ ತಾಗದ ಹೊರಗೆಲಸಕ್ಕೆ ಒಗ್ಗುತ್ತದೆ, ಸಿಕ್ಕರೆ ನೋಡಿ. ಹೆಮ್ಲಾಕ್ ಒಳಗಿನ ಬಾಗಿಲು, ಅಂಚುಪಟ್ಟಿಗೆ ಚೆನ್ನ, ನೀರಿಗೆ ಅಲ್ಲ.

ಜೇಬಿನಲ್ಲಿ ಏನೂ ಇಲ್ಲದಿದ್ದರೆ

ಪ್ಯಾಲೆಟ್ ಮರ. ಸರಕು ಸಾಗಿಸುವ ಹಲಗೆಯ ಅಡ್ಡಣಿಗೆಗಳು ಹೆಚ್ಚಾಗಿ ಪೈನ್ ಅಥವಾ ಸ್ಪ್ರೂಸ್‌ನವು. ದೇಶ ದಾಟಿ ಬಂದದ್ದಾದರೆ ಅದರ ಮೇಲೆ ಗೋಧಿ ತೆನೆಯ ಚಿತ್ರ ಇರುವ ಮುದ್ರೆ ಇರುತ್ತದೆ. ಮುದ್ರೆಯಲ್ಲಿ ಎಚ್‌ಟಿ ಎಂದಿದ್ದರೆ ಮರದ ಒಡಲು 56 ಡಿಗ್ರಿ ತಲುಪಿ ಅರ್ಧ ಗಂಟೆ ಇರುವಂತೆ ಕಾಯಿಸಿದ್ದಾರೆ ಎಂದರ್ಥ. ಅದನ್ನು ತಗೊಳ್ಳಿ. ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಕೊಟ್ಟಿದ್ದಾರೆ, ಅದನ್ನು ಬಿಟ್ಟುಬಿಡಿ. ಯಾವುದೋ ದ್ರವ ಚೆಲ್ಲಿ ಕಲೆಯಾದದ್ದೂ ಬೇಡ. ಕೊಯ್ಯುವ ಮೊದಲು ಮೊಳೆ ಪೂರ್ತಿ ಕೀಳಿ. ಗರಗಸದ ಹಲ್ಲು ಹೋದರೆ ಉಳಿಸಿದ ಕಾಸು ಅಲ್ಲೇ ಹೋಯಿತು.

ಜಾತಿ ಆಯಿತು, ಈಗ ಹಲಗೆ

ಒಂದು ಹಳೆಯ ಪೆಟ್ಟು ನನಗೆ ಇನ್ನೂ ನೆನಪಿದೆ. ಒಂದು ಅಂಗಡಿಯಲ್ಲಿ ‘ಚೆನ್ನಾಗಿ ಒಣಗಿದೆ’ ಎಂದು ಕೊಟ್ಟ ಪೈನ್ ಹಲಗೆಗಳನ್ನು ತಂದ ದಿನವೇ ಕೊಯ್ದು, ಅಂಟಿಸಿ, ಮೇಜಿನ ಮೇಲ್ಭಾಗ ಮಾಡಿದೆ. ನಾಲ್ಕು ತಿಂಗಳಿಗೆ ಜೋಡಣೆಯಲ್ಲಿ ಪೋಸ್ಟ್‌ಕಾರ್ಡ್ ತೂರುವಷ್ಟು ಬಿರುಕು. ಲೆಕ್ಕ ಸುಲಭ ಇತ್ತು, ನಾನು ಮಾಡಿರಲಿಲ್ಲ. 200 ಮಿಲಿಮೀಟರ್ ಅಗಲದ ಹಲಗೆ, ತೇವ ಶೇಕಡಾ 18ರಿಂದ 10ಕ್ಕೆ ಇಳಿದರೆ ಮೂರೂವರೆ ಮಿಲಿಮೀಟರ್ ಹತ್ತಿರ ಕಿರಿದಾಗುತ್ತದೆ. ಅಂಥ ನಾಲ್ಕು ಹಲಗೆ ಪಕ್ಕಪಕ್ಕ ಇದ್ದರೆ? ಕೆಳಗಿನ ಚೌಕಟ್ಟಿಗೆ ಅಲುಗದಂತೆ ಸ್ಕ್ರೂ ಬಿಗಿದಿದ್ದೆ ಬೇರೆ. ಮೇಲ್ಭಾಗ ಕುಗ್ಗಲು ಜಾಗ ಇಲ್ಲದೆ ಸೀಳಿತು. ಆ ಜಾಗದಲ್ಲಿ ತೇಗ ಇದ್ದಿದ್ದರೂ ಹಸಿಯಾಗಿದ್ದರೆ ಗತಿ ಅದೇ.

ಆವತ್ತಿನಿಂದ ತೇವ ಅಳೆಯುವ ಸಣ್ಣ ಮೀಟರ್ ಇಲ್ಲದೆ ನಾನು ಮರ ಕೊಳ್ಳಲು ಹೋಗುವುದಿಲ್ಲ. ಒಳಗಿನ ಪೀಠೋಪಕರಣಕ್ಕೆ ತೇವ ಶೇಕಡಾ 8ರಿಂದ 12 ಇರಬೇಕು. ಕಟ್ಟಡದ ಮರ 19ರವರೆಗೂ ‘ಒಣಗಿದ್ದು’ ಎಂಬ ಹೆಸರಲ್ಲೇ ಮಾರಾಟವಾಗುತ್ತದೆ, ಇದು ನೆನಪಿರಲಿ. ಮೀಟರ್ ಇಲ್ಲದಿದ್ದರೆ ಒಂದೇ ಅಳತೆಯ ಎರಡು ಹಲಗೆಗಳನ್ನು ಒಂದೊಂದು ಕೈಯಲ್ಲಿ ಎತ್ತಿ ನೋಡಿ. ಎದ್ದು ಕಾಣುವಷ್ಟು ಭಾರ ಇದ್ದದ್ದು ಹೆಚ್ಚಾಗಿ ಹಸಿಯದೇ.

ಆಮೇಲೆ ಹಲಗೆಯ ಒಂದು ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ಅಂಚಿನುದ್ದಕ್ಕೆ ನೋಡಿ, ಬಂದೂಕಿಗೆ ಗುರಿ ಹಿಡಿದ ಹಾಗೆ. ಡೊಂಕು, ತಿರುಚು ಎಲ್ಲ ಕಾಣುತ್ತದೆ. ತುದಿಯಲ್ಲಿ ಉಂಗುರ ನೋಡಿ. ನಡುವಿನ ತಿರುಳೇ ಹಲಗೆಯಲ್ಲಿದ್ದರೆ ಬಿಟ್ಟುಬಿಡಿ, ಅದು ಸೀಳುವುದು ಖಂಡಿತ. ಉಂಗುರದ ಗೆರೆಗಳು ಹಲಗೆಯ ಮುಖಕ್ಕೆ ನೆಟ್ಟಗೆ ನಿಂತಿದ್ದರೆ ನಿಮ್ಮ ಅದೃಷ್ಟ, ಅಂಥದ್ದು ಕಡಿಮೆ ಅಲುಗುತ್ತದೆ. ಭಾರ ಹೊರುವ ಹಲಗೆಯಾದರೆ ಅಂಚಿನಲ್ಲಿ ದೊಡ್ಡ ಗಂಟು ಇರಬಾರದು. ನಡುವೆ ಇದ್ದರೆ ಅಷ್ಟು ತೊಂದರೆ ಇಲ್ಲ. ಟೇಪನ್ನೂ ಜೊತೆಗಿಟ್ಟುಕೊಳ್ಳಿ. ಎರಡು ಇಂಚು ನಾಲ್ಕು ಇಂಚು ಎಂದು ಅಮೆರಿಕದ ಅಳತೆಯಲ್ಲಿ ಕರೆಯುವ ಮರ ನಿಜಕ್ಕೂ 38 ಮತ್ತು 89 ಮಿಲಿಮೀಟರ್ ಅಷ್ಟೇ. ಒಣಗಿ, ರಂದಾ ಹೊಡೆಸಿಕೊಂಡು, ಹೆಸರು ಮಾತ್ರ ಹಾಗೇ ಉಳಿದುಕೊಂಡಿದೆ.

ಮನೆಗೆ ತಂದ ದಿನ ಗರಗಸ ಮುಟ್ಟಬೇಡಿ. ಮಾಡುವ ಸಾಮಾನು ಕೊನೆಗೆ ಯಾವ ಕೋಣೆಯಲ್ಲಿರುತ್ತದೋ ಅಲ್ಲೇ, ಗೋಡೆಗೆ ಒರಗಿಸದೆ, ಮಟ್ಟವಾಗಿ ಮಲಗಿಸಿ. ಹಲಗೆ ಹಲಗೆಯ ನಡುವೆ ಒಂದೇ ದಪ್ಪದ ರೀಪಿನ ತುಂಡುಗಳನ್ನು, ಒಂದರ ಮೇಲೊಂದು ನೇರವಾಗಿ ಬರುವಂತೆ ಇಡಿ, ಗಾಳಿ ಆಡಲಿ. ಮೇಲೆ ಒಂದಿಷ್ಟು ಭಾರ. ಎರಡು ವಾರ ಬಿಟ್ಟು ಮತ್ತೆ ಅಂಚು ಹಿಡಿದು ನೋಡಿ. ಆಗ ಡೊಂಕಾಗಿರುವ ಹಲಗೆಯನ್ನು ಸಣ್ಣ ತುಂಡುಗಳ ಕೆಲಸಕ್ಕೆ ಎತ್ತಿಡಿ, ನೆಟ್ಟಗೆ ಉಳಿದದ್ದನ್ನು ಮೇಜಿಗೆ ಕೊಯ್ಯಿರಿ.